ಕವಲೊಡೆದ ಪ್ರೊಸೆಸ್ಸು ಮತ್ತು ತೆರೆಯದ ಬೀಗ

ಗಣಕಯಂತ್ರದಲ್ಲಿ ನಡೆಯುತ್ತಿರುವ ಪ್ರೋಗ್ರಾಮಿಗೆ ಪ್ರೊಸೆಸ್ ಎಂದು ಹೆಸರು. ಅದರೊಳಗೆ ಏಕಕಾಲದಲ್ಲಿ ಸಾಗುವ ಕೆಲಸದ ಎಳೆಗಳೇ ಥ್ರೆಡ್ಡುಗಳು. ಎಳೆಗಳೆಲ್ಲಕ್ಕೂ ಸ್ಮರಣಕೋಶ ಒಂದೇ ಆದಕಾರಣ, ಒಂದು ಎಳೆಯು ತಿದ್ದುತ್ತಿರುವುದನ್ನು ಇನ್ನೊಂದು ಮುಟ್ಟದಂತೆ ಲಾಕ್, ಅಂದರೆ ಬೀಗವನ್ನು ಹಾಕುವರು. ಬೀಗ ಹಾಕಿದ ಎಳೆಯೇ ಅದನ್ನು ತೆರೆಯತಕ್ಕದ್ದು. ಅಲ್ಲಿಯವರೆಗೆ ಉಳಿದವು ಕಾಯತಕ್ಕದ್ದು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯುನಿಕ್ಸ್ ವ್ಯವಸ್ಥೆಗೆ ತಳಹದಿ ಹಾಕಿದರು. ಪ್ರೊಸೆಸ್ಸು ತನ್ನ ಪ್ರತಿಯನ್ನು ತಾನೇ ಸೃಷ್ಟಿಸುವ ಫೋರ್ಕ್ ಎಂಬ ಕ್ರಿಯೆ ಆ ವ್ಯವಸ್ಥೆಯಲ್ಲಿ ಬಹು ಹಿಂದಿನದು. ಆಗ ಪ್ರೊಸೆಸ್ಸಿಗೆ ಎಳೆ ಒಂದೇ. ಥ್ರೆಡ್ಡುಗಳಿಗೆ ಪೋಸಿಕ್ಸ್ ಮಾನಕ ದೊರೆತದ್ದು 1995ರಲ್ಲಿ. ಹಳೆಯ ಕ್ರಿಯೆಗೂ ಹೊಸ ಏರ್ಪಾಟಿಗೂ ನಡುವಣ ಸಂಧಿಯಲ್ಲಿಯೇ ದೋಷವು ಅಡಗಿದೆ.

ಫೋರ್ಕ್ ಆದಾಗ ಸ್ಮರಣಕೋಶವೆಲ್ಲವೂ ಮರಿ ಪ್ರೊಸೆಸ್ಸಿಗೆ ಬರುತ್ತದೆ. ಎಳೆಗಳ ಪೈಕಿ ಫೋರ್ಕನ್ನು ಕರೆದ ಒಂದು ಮಾತ್ರ ಬರುತ್ತದೆ. ದಾಸೋಹದ ಉಗ್ರಾಣವನ್ನು ಬೀಗಸಮೇತ ಇದ್ದಂತೆಯೇ ಬೇರೊಂದು ಊರಿನಲ್ಲಿ ನಿಲ್ಲಿಸಿ, ಬೀಗದ ಕೈ ಹಿಡಿದ ಉಗ್ರಾಣಿಯನ್ನು ಹಿಂದೆಯೇ ಬಿಟ್ಟುಬಂದರೆ, ಅಲ್ಲಿಗೆ ಬಂದ ಅಡುಗೆಯವನು ಬಾಗಿಲ ಮುಂದೆ ಕಾಯುತ್ತಲೇ ಇರಬೇಕಷ್ಟೆ. ಮರಿ ಪ್ರೊಸೆಸ್ಸಿನ ಸ್ಥಿತಿಯೂ ಅದೇ.

ಈ ದೋಷವು ಪ್ರತಿ ಸಲವೂ ಕಾಣಿಸದು. ಬೇರೊಂದು ಎಳೆಯು ಬೀಗ ಹಿಡಿದಿರುವ ಕ್ಷಣದಲ್ಲಿಯೇ ಫೋರ್ಕ್ ಆದರೆ ಮಾತ್ರ ತೊಡಕು. ಆಗಲೂ ತಪ್ಪಿನ ಸೂಚನೆ ಬಾರದು. ಪ್ರೊಸೆಸ್ಸು ಸದ್ದಿಲ್ಲದೆ ನಿಂತುಬಿಡುತ್ತದೆ, ಅದನ್ನು ನಂಬಿದ ಸೇವೆಯೂ ನಿಲ್ಲುತ್ತದೆ.

ಪತ್ತೆಯ ಕ್ರಮ ಹೀಗಿದೆ. ಲಿನಕ್ಸಿನಲ್ಲಿ ಜಿಡಿಬಿ ಎಂಬ ದೋಷಶೋಧಕವನ್ನು ನಿಂತ ಮರಿ ಪ್ರೊಸೆಸ್ಸಿಗೆ ಜೋಡಿಸಿ, ಎಲ್ಲ ಎಳೆಗಳ ಕರೆಸರಣಿಯನ್ನು ನೋಡಬೇಕು. ಇರುವ ಒಂದೇ ಎಳೆಯು ಬೀಗಕ್ಕಾಗಿ ಕಾಯುತ್ತಿದ್ದರೆ ಸಂದೇಹ ಬಲವಾಗುತ್ತದೆ. ತರುವಾಯ ಬೀಗದಲ್ಲಿ ದಾಖಲಾದ ಒಡೆಯನ ಸಂಖ್ಯೆಯನ್ನು ಪರೀಕ್ಷಿಸಬೇಕು. ಆ ಸಂಖ್ಯೆಯ ಎಳೆಯು ಮರಿಯಲ್ಲಿ ಇಲ್ಲದೆ, ತಾಯಿ ಪ್ರೊಸೆಸ್ಸಿನದಾಗಿದ್ದರೆ ಕಾರಣವು ಸಿದ್ಧವಾದಂತೆ.

ಬೀಗವನ್ನು ಬಲಾತ್ಕಾರವಾಗಿ ತೆರೆಯುವುದು ಪರಿಹಾರವಲ್ಲ. ಬೀಗ ಬಿದ್ದಿತ್ತೆಂದರೆ ಒಳಗಿನ ದತ್ತಾಂಶವು ಅರ್ಧ ತಿದ್ದಿದ ಸ್ಥಿತಿಯಲ್ಲಿ ಇರಬಹುದು.

ಸರಿಯಾದ ಮಾರ್ಗಗಳು ಮೂರು. ಎಳೆಗಳನ್ನು ಹುಟ್ಟಿಸುವ ಮೊದಲೇ ಫೋರ್ಕ್ ಮಾಡುವುದು ಒಂದು. ಫೋರ್ಕ್ ಆದೊಡನೆ ಎಕ್ಸೆಕ್ ಕ್ರಿಯೆಯಿಂದ ಹೊಸ ಪ್ರೋಗ್ರಾಮನ್ನು ತುಂಬಿಕೊಳ್ಳುವುದು ಎರಡನೆಯದು. ನಡುವೆ ಸಿಗ್ನಲ್ ಬಂದಾಗಲೂ ನಿರಪಾಯವೆಂದು ಮಾನಕವು ಹೇಳಿದ ಕ್ರಿಯೆಗಳನ್ನಷ್ಟೇ ಬಳಸಬೇಕು. ಫೋರ್ಕಿಗೆ ಮುಂಚೆ ಬೀಗಗಳನ್ನೆಲ್ಲ ತಾನೇ ಹಿಡಿದು, ಆಮೇಲೆ ಎರಡೂ ಕಡೆ ಬಿಡುವುದು ಮೂರನೆಯದು. ಅನ್ಯರು ಬರೆದ ಭಾಗಗಳೊಳಗಿನ ಬೀಗಗಳು ಅರಿವಿಗೆ ಬಾರದಿರುವುದರಿಂದ ಈ ಕೊನೆಯದು ಕಷ್ಟಸಾಧ್ಯ.

ಪೈಥಾನ್ ಭಾಷೆಯ 3.12ನೆಯ ಆವೃತ್ತಿಯು 2023ರಲ್ಲಿ, ಅನೇಕ ಎಳೆಗಳಿರುವಾಗ ಫೋರ್ಕ್ ಮಾಡಿದರೆ ಎಚ್ಚರಿಕೆ ನೀಡತೊಡಗಿತು. 2025ರ 3.14ನೆಯ ಆವೃತ್ತಿಯಿಂದ ಅದರ ಮಲ್ಟಿಪ್ರೊಸೆಸಿಂಗ್ ವಿಭಾಗವು ಲಿನಕ್ಸಿನಲ್ಲಿ ನೇರ ಫೋರ್ಕನ್ನು ತಾನಾಗಿ ಆರಿಸಿಕೊಳ್ಳುವುದಿಲ್ಲ.

ಆದ್ದರಿಂದ ಈ ವಿದ್ಯೆಯನ್ನು ಕಲಿಯುವವರು ಪ್ರತಿಯೊಂದು ಫೋರ್ಕಿಗೆ ಮುನ್ನ ವಿಚಾರಿಸಬೇಕಾದುದು ಇಷ್ಟು: ಈಗ ಯಾವ ಬೀಗವು ಯಾರ ವಶದಲ್ಲಿದೆ, ಅದನ್ನು ತೆರೆಯತಕ್ಕವರು ಜೊತೆಯಲ್ಲಿ ಬರುವರೇ?