ಹದಿನೈದು ವರ್ಷ ತುಂಬಿದ ಕಾರು: ತಪಾಸಣೆಯಲ್ಲಿ ಸೋಲುವುದೆಲ್ಲಿ?

ಹಿಂದೆ ಒಂದು ಜೊತೆ ಎತ್ತುಗಳಿದ್ದ ಕೊಟ್ಟಿಗೆಯ ಮಗ್ಗುಲಲ್ಲಿ ಈಗ ಹಳೆಯ ಮಾರುತಿಯೋ ಜೀಪೋ ನಿಂತಿರುವುದು ನಮ್ಮ ಮುಳಿಯಾರಿನ ಕಡೆಯ ತೋಟದ ಮನೆಗಳಲ್ಲಿ ಸಾಮಾನ್ಯ. ಬೋವಿಕಾನದ ಪೇಟೆಯಿಂದ ಗೊಬ್ಬರ ತರುವುದಕ್ಕೆ, ಅಡಿಕೆಯ ಗೋಣಿ ಒಯ್ಯುವುದಕ್ಕೆ, ಮಳೆಗಾಲದ ರಾತ್ರಿಯಲ್ಲಿ ಜ್ವರ ಬಂದ ಮಗುವನ್ನು ಚೆರ್ಕಳ ದಾಟಿ ಕಾಸರಗೋಡಿಗೆ ಮುಟ್ಟಿಸುವುದಕ್ಕೆ ಅದೇ ಆಧಾರ. ಇಂತಹ ಗಾಡಿಗೆ ಹದಿನೈದು ವರ್ಷ ತುಂಬಿದೊಡನೆ ಯಜಮಾನನಿಗೆ ಕಳವಳ ಹುಟ್ಟುತ್ತದೆ. ತಪಾಸಣೆಯಲ್ಲಿ ಸೋತರೆ ಗುಜರಿಗೆ ಹಾಕಬೇಕಾದೀತೇ ಎಂದು ಹಲವರು ನಮ್ಮೊಡನೆ ಕೇಳಿದ್ದುಂಟು. ಹಾಗೇನೂ ಇಲ್ಲ. ದೋಷ ತಿದ್ದಿಸಿ ಮರಳಿ ತೋರಿಸಬಹುದು. ಆದರೆ ಹೆಚ್ಚಿನ ದೋಷಗಳು ಮನೆಯ ಅಂಗಳದಲ್ಲೇ ಕಾಣಸಿಗುವಂತಹವು. ಅವನ್ನು ಮೊದಲೇ ನೋಡಿಕೊಳ್ಳದೆ ಎರಡು ಸಲ ಅಲೆದವರಲ್ಲಿ ನಾವೂ ಒಬ್ಬರಾದುದರಿಂದ ಇದನ್ನು ಬರೆಯುತ್ತಿದ್ದೇವೆ.

ಮೊದಲು ಕಾನೂನಿನ ಮಾತನ್ನು ಮುಗಿಸೋಣ. 1988ರ ಮೋಟಾರು ವಾಹನ ಕಾಯಿದೆಯ 41ನೆಯ ಕಲಮಿನಂತೆ ಸ್ವಂತ ಬಳಕೆಯ ವಾಹನದ ನೋಂದಣಿಗೆ 15 ವರ್ಷ ಅವಧಿ. ಅನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಅವಧಿ ಮುಗಿಯುವ ಮೊದಲಿನ 60 ದಿನಗಳೊಳಗೆ 25ನೆಯ ನಮೂನೆಯಲ್ಲಿ ಅರ್ಜಿ ಹಾಕಿ ಗಾಡಿಯನ್ನು ಮೋಟಾರು ವಾಹನ ಇನ್‌ಸ್ಪೆಕ್ಟರರಿಗೆ ತೋರಿಸತಕ್ಕದ್ದು. ಕಾರಿಗೆ 600 ರೂಪಾಯಿ ಇದ್ದ ಶುಲ್ಕವು 2022ರ ಎಪ್ರಿಲ್ 1ರಿಂದ 5,000 ರೂಪಾಯಿ ಆಯಿತು. ತಡವಾದರೆ ತಿಂಗಳಿಗೆ 500 ರೂಪಾಯಿಯಂತೆ ಹೆಚ್ಚುವರಿ ಎಂದೂ ಆಗಲೇ ಗೊತ್ತುಮಾಡಿದರು. 20 ವರ್ಷ ದಾಟಿದ ಕಾರುಗಳಿಗೆ 10,000 ರೂಪಾಯಿ ಎಂದು ಕೇಂದ್ರ ಸರಕಾರವು 2025ರ ಆಗಸ್ಟಿನಲ್ಲಿ ಪ್ರಕಟಿಸಿತು. ಹಸಿರು ತೆರಿಗೆ ಬೇರೆ. ಕಟ್ಟಬೇಕಾದ ದಿನದ ಸರಿಯಾದ ಮೊತ್ತವು ಪರಿವಾಹನ್ ತಾಣದಲ್ಲಿ ಅರ್ಜಿ ತುಂಬಿಸುವಾಗಲೇ ಕಾಣುತ್ತದೆ.

ಅವಧಿ ಮೀರಿದ ಗಾಡಿಯನ್ನು ಊರೊಳಗೆ ಓಡಿಸಿದರೇನು ಎನ್ನುವವರಿದ್ದಾರೆ. ಪೊಲೀಸರ ಮಾತು ಹಾಗಿರಲಿ, ವಿಮೆಯ ಮಾತನ್ನು ಆಲೋಚಿಸಬೇಕು. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದಿದ್ದ ವಾಹನಗಳ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟು 2014ರಲ್ಲಿಯೂ ಮತ್ತೆ 2021ರಲ್ಲಿಯೂ ತೀರ್ಪಿತ್ತು, ಊರ್ಜಿತವಾದ ನೋಂದಣಿಯಿಲ್ಲದೆ ಬಳಸಿದ ಗಾಡಿಯ ನಷ್ಟವನ್ನು ವಿಮಾ ಕಂಪೆನಿ ತುಂಬಿಕೊಡಬೇಕಾಗಿಲ್ಲ ಎಂದಿದೆ. ಪ್ರೀಮಿಯಂ ಕಟ್ಟಿದ ರಶೀದಿ ಕೈಯಲ್ಲಿದ್ದೂ ಬರಿಗೈಯಾಗುವ ಪರಿ ಇದು.

ನಮ್ಮ ಪೆಟ್ರೋಲು ವ್ಯಾನು 2009ರ ಇಸವಿಯದು. 2024ರಲ್ಲಿ ಮೊದಲ ಸಲ ತೋರಿಸಿದಾಗ ಮೂರು ದೋಷಗಳನ್ನು ಬರೆದುಕೊಟ್ಟರು: ಎಡದ ಹೆಡ್‌ಲೈಟು ಮೇಲಕ್ಕೆ ಹೊಡೆಯುತ್ತದೆ, ಹ್ಯಾಂಡ್‌ಬ್ರೇಕು ಹಿಡಿಯುವುದಿಲ್ಲ, ನೆಲದ ತಗಡು ತುಕ್ಕು ತಿಂದಿದೆ. ಚೀಟಿ ಇಂಗ್ಲಿಷಿನಲ್ಲಿತ್ತು. ವಿವರಣೆ ಮಲೆಯಾಳದಲ್ಲಿ ಸಿಕ್ಕಿತು. ಕನ್ನಡ ಮಾತ್ರ ಬಲ್ಲ ಹಿರಿಯರು ಓದಬಲ್ಲ ಒಬ್ಬನನ್ನು ಜೊತೆಗೆ ಕರೆದುಕೊಂಡು ಹೋಗುವುದೇ ಲೇಸು. ಚೀಟಿಯನ್ನು ತಪ್ಪಾಗಿ ತಿಳಿದು ಬೇಡದ ಸಾಮಾನು ಬದಲಿಸಿದವರನ್ನು ಕಂಡಿದ್ದೇವೆ.

ತುಕ್ಕಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಕೃಷಿಕನ ಕಾರಿಗೆ ಇದು ಪೇಟೆಯವರ ಕಾರಿಗಿಂತ ಬೇಗ ತಗಲುವ ರೋಗ. ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರು ಮಳೆ ಬೀಳುವ ಸೀಮೆ ನಮ್ಮದು. ಆದರೆ ತಪ್ಪು ಮಳೆಯದು ಮಾತ್ರವಲ್ಲ. ನಾವು ಹಿಂದಿನ ಸೀಟು ಮಡಚಿ ಪೊಟಾಷಿನ ಗೋಣಿ ತರುತ್ತೇವೆ. ಮ್ಯೂರಿಯೇಟ್ ಆಫ್ ಪೊಟಾಷಿನಲ್ಲಿ ತೂಕದ ಹತ್ತಿರ ಹತ್ತಿರ ಅರ್ಧಪಾಲು ಕ್ಲೋರೈಡು. ಕಡಲ ತೀರದಲ್ಲಿ ಕಬ್ಬಿಣ ತಿನ್ನುವುದೂ ಇದೇ ಕ್ಲೋರೈಡು. ಗೋಣಿಯಿಂದ ಉದುರಿದ ಹರಳು ಮ್ಯಾಟಿನಡಿಗೆ ಸೇರಿ, ಒದ್ದೆ ಕಾಲಿನ ನೀರನ್ನು ಹೀರಿ, ವರ್ಷಗಟ್ಟಲೆ ಅಲ್ಲೇ ಕುಳಿತಿರುತ್ತದೆ.

ಇನ್ನೊಂದು ಮೈಲುತುತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಸುಣ್ಣ ಸಾಕಾಯಿತೇ ಎಂದು ತಿಳಿಯಲು ಕತ್ತಿಯ ಅಲಗನ್ನು ಅದ್ದಿ ನೋಡುವುದನ್ನು ನಾವೆಲ್ಲ ಬಲ್ಲೆವಷ್ಟೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಹಾಗೆ ಕೆಂಪು ಕೂರುವುದೆಂದರೆ ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ನಿಲ್ಲುವುದು ಎಂದರ್ಥ. ಶಾಲೆಯಲ್ಲಿ ಮೈಲುತುತ್ತಿನ ನೀರಿಗೆ ಮೊಳೆ ಹಾಕಿ ಮಕ್ಕಳಿಗೆ ತೋರಿಸುವ ಪ್ರಯೋಗವೂ ಇದೇ. ಅದನ್ನು ಎಷ್ಟೋ ವರ್ಷ ಕಲಿಸಿದ ನಾವು, ತೂತಾದ ಪೊಟ್ಟಣದಲ್ಲಿ ಮೈಲುತುತ್ತು ತಂದು ನಮ್ಮದೇ ಗಾಡಿಯ ನೆಲದಲ್ಲಿ ಅದೇ ಪ್ರಯೋಗವನ್ನು ಮಾಡಿಕೊಂಡೆವು! ಗಾಡಿಯಲ್ಲಿ ಗೊಬ್ಬರ ತಂದ ದಿನವೇ ಮ್ಯಾಟನ್ನು ತೆಗೆದು, ಗುಡಿಸಿ, ಒದ್ದೆ ಬಟ್ಟೆಯಿಂದ ಒರಸಿ, ಬಾಗಿಲು ತೆರೆದಿಟ್ಟು ಒಣಗಿಸಬೇಕು. ಹಾಳೆಯನ್ನೋ ದಪ್ಪ ಪ್ಲಾಸ್ಟಿಕ್ಕನ್ನೋ ಹಾಸಿ ಗೋಣಿ ಇಟ್ಟರೆ ಇನ್ನೂ ಒಳ್ಳೆಯದು.

ತುಕ್ಕನ್ನು ನೋಡುವುದು ಹೀಗೆ. ಮ್ಯಾಟು ತೆಗೆದು ಚಾಲಕನ ಕಾಲಿನಡಿ, ಬಾಗಿಲಿನ ಕೆಳಪಟ್ಟಿ, ಚಕ್ರದ ಕಮಾನು, ಜಾಕು ಕೊಡುವ ಜಾಗ ಇವಿಷ್ಟನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿ ತಗಡು ಠಣ್ ಎನ್ನುತ್ತದೆ, ತಿಂದುಹೋದದ್ದು ಮಂಕಾಗಿ ಸದ್ದು ಕೊಡುತ್ತದೆ. ಒಂದು ಗ್ಯಾರೇಜಿನವರು ನಮ್ಮ ಗಾಡಿಗೆ ತುಕ್ಕಿನ ಮೇಲೆಯೇ ಕರಿಯ ಬಣ್ಣ ಬಳಿದು ಹೊಸದರಂತೆ ಮಾಡಿಕೊಟ್ಟಿದ್ದರು. ಇನ್‌ಸ್ಪೆಕ್ಟರರು ಬೆರಳಿನಿಂದ ಒತ್ತಿದಾಗ ಅದು ಬಿರಿಯಿತು. ಕೊಳೆತ ತಗಡನ್ನು ಕತ್ತರಿಸಿ ಹೊಸ ತುಂಡನ್ನು ವೆಲ್ಡ್ ಮಾಡಿಸಿ, ಮತ್ತೆ ಬಣ್ಣ ಹಚ್ಚುವುದೊಂದೇ ಕ್ರಮ. ಸೀಟು ಮತ್ತು ಬೆಲ್ಟು ಬಿಗಿದಿರುವುದೂ ಇದೇ ನೆಲಕ್ಕೆ ಎಂಬುದನ್ನು ಮರೆಯಬಾರದು.

ಚಾಸಿ ನಂಬರಿಗೂ ತುಕ್ಕಿನಿಂದ ಕೇಡುಂಟು. ಅರ್ಜಿಗೆ ಆ ನಂಬರಿನ ಪೆನ್ಸಿಲು ಅಚ್ಚು ಬೇಕು. ನಂಬರು ಕಾಣದಿದ್ದರೆ ಉಳಿಯಿಂದ ಕೆರೆಯಲೇಬಾರದು, ಒಂದು ಅಂಕಿ ಅಳಿಸಿದರೂ ಗಾಡಿ ಯಾರದೆಂಬ ಪ್ರಶ್ನೆಯೇ ಎದ್ದೀತು. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಒಂದು ರಾತ್ರಿ ಹಾಕಿಟ್ಟು, ಬೆಳಗ್ಗೆ ಬ್ರಶ್ಶಿನಿಂದ ಉಜ್ಜಿದರೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಇನ್ನು ಬ್ರೇಕು. ಗಂಟೆಗೆ 30 ಕಿಲೋಮೀಟರು ವೇಗದಲ್ಲಿಯೂ ಗಾಡಿ ಒಂದು ಸೆಕೆಂಡಿಗೆ ಎಂಟು ಮೀಟರಿಗಿಂತ ಹೆಚ್ಚು ಸಾಗುತ್ತದೆ. ಶಾಲೆ ಬಿಡುವ ಹೊತ್ತಿಗೆ ನಮ್ಮ ರಸ್ತೆಗಳಲ್ಲಿ ಎಂಟು ಮೀಟರು ಎಂದರೆ ಏನೆಂಬುದನ್ನು ಹೇಳಬೇಕಾಗಿಲ್ಲ. ಬಯಲಿನಲ್ಲಿ ಇಂಜಿನು ಚಾಲೂ ಇಟ್ಟು ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಅದು ಮೆಲ್ಲಮೆಲ್ಲಗೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರಿನ ವಾಶರು ಸೋತಿದೆ ಅಥವಾ ಎಲ್ಲೋ ಎಣ್ಣೆ ಸೋರುತ್ತಿದೆ. ಟಯರಿನ ಒಳಮಗ್ಗುಲಲ್ಲಿ ಒದ್ದೆಯ ಗೆರೆ ಕಂಡರೆ ಆ ಚಕ್ರದ ಸಿಲಿಂಡರು ಎಂದು ತಿಳಿಯಬಹುದು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು. ನೀರು ಸೇರಿದ ಎಣ್ಣೆಯು ಉದ್ದದ ಇಳುಕಲಿನಲ್ಲಿ ಬಿಸಿಯಾಗಿ ಕುದಿದರೆ ಪೆಡಲು ಮೆತ್ತಗಾಗಿ ಗಾಡಿ ನಿಲ್ಲದು. ಎರಡು ವರ್ಷಕ್ಕೊಮ್ಮೆಯಾದರೂ ಎಣ್ಣೆ ಬದಲಿಸಬೇಕು. ಹ್ಯಾಂಡ್‌ಬ್ರೇಕಿನ ಕತೆ ಬೇರೆ: ನಾವು ಅದನ್ನು ಬಳಸುವುದೇ ಇಲ್ಲ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತೇವೆ. ಬಳಸದ ತಂತಿ ಕೊಳವೆಯೊಳಗೇ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಏರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕು ಎಳೆದು, ನ್ಯೂಟ್ರಲಿಗೆ ಹಾಕಿ, ಕಾಲನ್ನು ಮೆಲ್ಲಗೆ ಸಡಿಲಿಸಿ ನೋಡಿದರೆ ಸತ್ಯ ತಿಳಿಯುತ್ತದೆ.

ದೀಪಗಳದ್ದು ಅಗ್ಗದ ದುರಸ್ತಿ, ಆದರೂ ಹೆಚ್ಚು ಮಂದಿ ಸೋಲುವುದು ಅಲ್ಲಿಯೇ. ಬ್ರಿಟನಿನಲ್ಲಿ ಹತ್ತು ವರ್ಷ ಮೀರಿದ ವಾಹನಗಳಿಗೆ 1960ರಲ್ಲಿ ಇಂತಹ ತಪಾಸಣೆ ಆರಂಭವಾಯಿತು. ಈಗ ಅಲ್ಲಿ ಮೂರು ವರ್ಷ ತುಂಬಿದ ಕಾರಿಗೆ ಪ್ರತಿ ವರ್ಷವೂ ಉಂಟು. ಅಲ್ಲಿಯೂ ಕಾರುಗಳು ಸೋಲುವ ಕಾರಣಗಳಲ್ಲಿ ದೀಪಗಳದ್ದೇ ಮುಂದಿನ ಸಾಲು. ಹತ್ತು ಮೀಟರು ದೂರದ ಗೋಡೆಗೆ ಮುಖ ಮಾಡಿ, ಸಮನಾದ ಅಂಗಳದಲ್ಲಿ ಗಾಡಿ ನಿಲ್ಲಿಸಿ ಡಿಮ್ ಹಾಕಿದರೆ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಸುಮಾರು ಒಂದು ಗೇಣಿನ ಅರ್ಧದಷ್ಟು, ಅಂದರೆ 10 ಸೆಂಟಿಮೀಟರು ಕೆಳಗಿರಬೇಕು. ಅಡಿಕೆ ಹೇರಿ ಹೇರಿ ಹಿಂದಿನ ಸ್ಪ್ರಿಂಗು ಕುಸಿದಿದ್ದರೆ ಮೂತಿ ಎದ್ದು ಬೆಳಕು ಎದುರಿನವನ ಕಣ್ಣಿಗೇ ಹೊಡೆಯುತ್ತದೆ. ನಮ್ಮದರಲ್ಲಿ ಇದ್ದುದು ಅದೇ. ಬ್ರೇಕುಲೈಟು, ಹಿಂದಿನ ನಂಬರು ಪ್ಲೇಟಿನ ದೀಪ, ವೈಪರು ಇವನ್ನೂ ಒಮ್ಮೆ ನೋಡಿಬಿಡಿ.

ಟಯರಿನ ಹಲ್ಲು ಕಾರಿಗೆ 1.6 ಮಿಲ್ಲಿಮೀಟರಿಗಿಂತ ಕಡಿಮೆಯಾಗಬಾರದು. ನಮ್ಮಂತಹ ಕಡಿಮೆ ಓಡಾಟದ ಗಾಡಿಯಲ್ಲಿ ಹಲ್ಲು ಉಳಿದಿದ್ದರೂ ರಬ್ಬರು ಒಣಗಿ ಬಿರುಕು ಬಿಟ್ಟಿರುತ್ತದೆ. ಮಗ್ಗುಲಲ್ಲಿ ನಾಲ್ಕಂಕಿಯ ಗುರುತುಂಟು: 2319 ಎಂದಿದ್ದರೆ 2019ರ 23ನೆಯ ವಾರದ ಟಯರು. ಚಕ್ರವನ್ನು ಜಾಕಿನಲ್ಲಿ ಎತ್ತಿ ಮೇಲೆ-ಕೆಳಗೆ ಹಿಡಿದು ಅಲುಗಿಸಿದರೆ ಬೇರಿಂಗು, ಬಾಲ್ ಜಾಯಿಂಟುಗಳ ಸಡಿಲ ತಿಳಿಯುತ್ತದೆ, ಅಡ್ಡಕ್ಕೆ ಅಲುಗಿಸಿದರೆ ಸ್ಟಿಯರಿಂಗಿನದು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಮಾತ್ರ ಯಾರೂ ನುಗ್ಗಬಾರದು.

ಹೊಗೆಯಲ್ಲಿ, ಬಿ.ಎಸ್. 2 ಮತ್ತು 3ರ ಪೆಟ್ರೋಲು ಕಾರುಗಳಿಗೆ ಇಂಗಾಲದ ಮೊನಾಕ್ಸೈಡು ನೂರಕ್ಕೆ 0.5ರ ಒಳಗಿರಬೇಕು. ಮುಚ್ಚಿಹೋದ ಏರ್ ಫಿಲ್ಟರು, ಹಳೆಯ ಪ್ಲಗ್ಗು ಬದಲಿಸಿದರೆ ಬಹಳಷ್ಟು ಗಾಡಿಗಳು ದಾಟುತ್ತವೆ. ಇವುಗಳ ಹೊಗೆ ಪತ್ರಕ್ಕೆ ಆರೇ ತಿಂಗಳ ಆಯುಷ್ಯ.

ಜೀಪಿನವರಿಗೆ ಒಂದು ಮಾತು. ಇಂಜಿನನ್ನೋ ಬಣ್ಣವನ್ನೋ ಬದಲಿಸಿ ಪತ್ರದಲ್ಲಿ ಬರೆಯಿಸದಿದ್ದರೆ ಉಳಿದೆಲ್ಲ ಸರಿಯಿದ್ದರೂ ಕೆಲಸ ನಿಲ್ಲುತ್ತದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ.

ಗಡಿಯವರಾದ ನಮಗೆ ವಿಶೇಷವಾದ ತೊಡಕೊಂದಿದೆ. ಪುತ್ತೂರು, ಸುಳ್ಯದ ಕಡೆ ಹಳೆಯ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡು, ಕೆ.ಎ. 21ರ ಪ್ಲೇಟಿನಲ್ಲೇ ವರ್ಷಗಟ್ಟಲೆ ಜಾಲ್ಸೂರು ದಾಟಿ ಓಡಾಡುತ್ತೇವೆ. ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರು ಪಡೆಯಬೇಕೆಂದು 47ನೆಯ ಕಲಮು ಹೇಳುತ್ತದೆ. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಹದಿನಾಲ್ಕು ವರ್ಷದ ಗಾಡಿಯನ್ನು ಹಾಗೆ ಕೊಂಡವನಿಗೆ ನಂಬರು ಬದಲಾವಣೆ, ನವೀಕರಣ ಎರಡೂ ಒಟ್ಟಿಗೆ ತಲೆಯ ಮೇಲೆ ಬೀಳುತ್ತವೆ. ಮುಂಗಡ ಕೊಡುವ ಮೊದಲೇ ನೋಂದಣಿ ಪತ್ರದ ಕೊನೆಯ ತಾರೀಕನ್ನು ಓದಿಕೊಳ್ಳಿ. ಮಾರುವವನು ಕಚೇರಿಗೆ ಬರಲು ಒಪ್ಪಿದ ಮೇಲೆಯೇ ಹಣ ಕೊಡಿ.

ನಾವು ಎರಡನೆಯ ಸಲ ಹೋದದ್ದು ಹನ್ನೆರಡು ದಿನಗಳ ಅನಂತರ. ತಗಡಿನ ಕೆಲಸಕ್ಕೆ ನಾಲ್ಕು ದಿನ ಹಿಡಿದಿತ್ತು. ಹ್ಯಾಂಡ್‌ಬ್ರೇಕಿಗೆ ಹೊಸ ತಂತಿ, ಹಿಂದಕ್ಕೆ ಹೊಸ ಸ್ಪ್ರಿಂಗು. ಜೇಬಿನಲ್ಲಿ ಎರಡು ಬಲ್ಬು, ಎರಡು ಫ್ಯೂಸು, ತೆಳು ಕಾಗದ, ಪೆನ್ಸಿಲು ಇಟ್ಟುಕೊಂಡಿದ್ದೆವು. ಮೈದಾನಕ್ಕೆ ಮುಟ್ಟಿದಾಗ ಬಲದ ಇಂಡಿಕೇಟರು ಉರಿಯಲಿಲ್ಲ. ಸಾಲಿನಲ್ಲಿ ನಿಂತಲ್ಲಿಯೇ ಬಲ್ಬು ಬದಲಿಸಿಕೊಂಡೆವು. ನಮ್ಮ ಹಿಂದೆ ನಿಂತಿದ್ದವರೊಬ್ಬರು ಇನ್ನೊಂದನ್ನು ಕೇಳಿ ಪಡೆದರು.