ಗ್ಯಾರೇಜಿನಲ್ಲಿ ಕಟ್ಟಿದ ಆರು ಸೀಟಿನ ವಿದ್ಯುತ್ ಗಾಡಿ

ನಮ್ಮ ನಿಧಿಸಂಗ್ರಹದ ನಡಿಗೆ ನಡೆಯುವ ಪಾರ್ಕಿನಲ್ಲಿ ಕಾರು ನಿಲ್ಲಿಸುವ ಜಾಗದಿಂದ ಊಟದ ಚಪ್ಪರಕ್ಕೆ ಮುಕ್ಕಾಲು ಮೈಲಿ, ನಡುವೆ ಒಂದು ದಿಬ್ಬ. ಊರಿಂದ ಆರು ತಿಂಗಳಿಗೆಂದು ಬಂದ ಅಪ್ಪ-ಅಮ್ಮಂದಿರು, ಮಂಡಿನೋವಿನವರು "ನೀವು ಹೋಗಿ ಬನ್ನಿ, ನಾವು ಕಾರಲ್ಲೇ ಇರ್ತೀವಿ" ಎಂದುಬಿಡುತ್ತಿದ್ದರು. ಅವರಿಗಾಗಿ ಒಂದು ಗಾಡಿ ಕಟ್ಟೋಣವೆಂದು ನಾವು ನಾಲ್ಕು ಮನೆಯವರು ಹೊರಟೆವು. ಮೂವರು ಸಾಫ್ಟ್‌ವೇರಿನವರು, ಸ್ಪ್ಯಾನರ್ ಹಿಡಿಯಲು ಬರುತ್ತಿದ್ದುದು ಒಬ್ಬರಿಗೇ. ಹೈಸ್ಕೂಲಿನ ಮಕ್ಕಳೂ ಮಾಡಿ ನೋಡಲೆಂದು ಲೆಕ್ಕವನ್ನೂ ಇಲ್ಲಿ ಕೊಟ್ಟಿದ್ದೇವೆ.

ಕನ್ನಡ ನಾಡಿಗೆ ಇದು ಹೊಸ ವಿದ್ಯೆಯೇನಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂದ ರೇವಾ ಕಾರು 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳ ಮೇಲೆ, ಅಂದರೆ 48 ವೋಲ್ಟಿನಲ್ಲಿ ಓಡುತ್ತಿತ್ತು. ಅದರ ಹಿಂದಿದ್ದ ಚೇತನ್ ಮೈನಿ ಮಿಶಿಗನ್ನಿನಲ್ಲಿ ಓದುವಾಗ ಸೌರಕಾರಿನ ತಂಡದಲ್ಲಿದ್ದವರು. ನಾವು ಕೊಂಡ ಹಳೆಯ ಎರಡು ಸೀಟಿನ ಗಾಲ್ಫ್ ಕಾರ್ಟೂ 48 ವೋಲ್ಟಿನದೇ. ಚಾಸಿಯನ್ನು ಕತ್ತರಿಸಿ ಉದ್ದ ಮಾಡುವ ಕೆಲಸವನ್ನು ಮಾತ್ರ ವೆಲ್ಡಿಂಗ್ ಗೊತ್ತಿರುವವರಿಗೇ ಕೊಟ್ಟೆವು.

ಮೊದಲು ತೂಕ. ಗಾಡಿ 400 ಕೆಜಿ, ಬ್ಯಾಟರಿ 175, ಆರು ಜನಕ್ಕೆ 425. ಒಟ್ಟು 1000 ಕೆಜಿ. ಸಮತಟ್ಟಾದ ದಾರಿಯಲ್ಲಿ ಇದನ್ನು ಉರುಳಿಸಲು ಸುಮಾರು 200 ನ್ಯೂಟನ್ ಬಲ ಸಾಕು. ನೂರು ಅಡಿಗೆ ಹತ್ತು ಅಡಿ ಏರುವ ದಿಬ್ಬದಲ್ಲಿ ಇನ್ನೂ 1000 ಸೇರುತ್ತದೆ! ಗಂಟೆಗೆ 6 ಮೈಲಿಯಂತೆ, ಅಂದರೆ ಸೆಕೆಂಡಿಗೆ 2.7 ಮೀಟರಿನಂತೆ ಹತ್ತಲು 3.2 ಕಿಲೋವ್ಯಾಟ್ ಬೇಕು. 5 ಹಾರ್ಸ್‌ಪವರಿನ ಮೋಟಾರ್ ಸಾಕೆಂದಾಯಿತು. ನಷ್ಟವೆಲ್ಲ ಸೇರಿಸಿದರೆ ಬ್ಯಾಟರಿಯಿಂದ ಸುಮಾರು 90 ಆಂಪಿಯರ್ ಹರಿಯುತ್ತದೆ. ಮನೆಯ ಪ್ಲಗ್ಗಿನ 15 ಆಂಪಿಯರಿಗೆ ಹೋಲಿಸಿ ನೋಡಿ. ಆದ್ದರಿಂದಲೇ ವೈರು ಹೆಬ್ಬೆರಳಿನ ದಪ್ಪ, ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ. ಕೆಲಸಕ್ಕೆ ಕೂರುವ ಮೊದಲು ಉಂಗುರ, ಬಳೆ, ಕತ್ತಿನ ಸರ ಎಲ್ಲ ತೆಗೆದಿಡಬೇಕು; ಒಂದು ಸ್ಪ್ಯಾನರ್ ಎರಡು ತುದಿಗಳಿಗೂ ತಾಗಿದರೆ ಅದು ಅಲ್ಲೇ ಕೆಂಪಗೆ ಕಾದುಹೋಗುತ್ತದೆ.

ಕಾರಿನ ಸ್ಟಾರ್ಟರ್ ಬ್ಯಾಟರಿ ಇದಕ್ಕೆ ಆಗದು. ಅದು ಒಂದು ಕ್ಷಣ ಜೋರಾಗಿ ಕೊಡಲು ಮಾಡಿದ್ದು. ದಿನವಿಡೀ ಬಸಿದರೆ ಬೇಗ ಸಾಯುತ್ತದೆ. ಡೀಪ್-ಸೈಕಲ್ ಬ್ಯಾಟರಿಯೇ ಬೇಕು. ಚಾರ್ಜ್ ಆಗುವಾಗ ಸೀಸದ ಬ್ಯಾಟರಿಯಿಂದ ಹೈಡ್ರೋಜನ್ ಬರುವುದರಿಂದ ಗ್ಯಾರೇಜಿನ ಬಾಗಿಲು ತೆರೆದಿರಲಿ. ಲಿಥಿಯಂ ಹಗುರ, ನಿಜ, ಆದರೆ ನಮ್ಮ ಜೇಬಿಗೆ ಆ ವರ್ಷ ಭಾರವಾಗಿತ್ತು.

ಇಷ್ಟೆಲ್ಲ ಲೆಕ್ಕ ಹಾಕಿದ ನಾವು ಒಂದನ್ನು ಮರೆತಿದ್ದೆವು. ಹತ್ತುವುದಕ್ಕೆ ಲೆಕ್ಕ ಮಾಡಿದ್ದೆವು, ನಿಲ್ಲುವುದಕ್ಕಲ್ಲ. ಪುಣ್ಯಕ್ಕೆ ಮೊದಲ ಪರೀಕ್ಷೆಗೆ ಸೀಟುಗಳ ಮೇಲೆ ಮರಳಿನ ಮೂಟೆ ಇಟ್ಟಿದ್ದೆವು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೂ ಗಾಡಿ ನಿಲ್ಲದೆ ಬುಡದ ಪೊದೆಯವರೆಗೆ ಹೋಯಿತು. ಓಡಿಸುತ್ತಿದ್ದ ಗೆಳೆಯರಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆ ಸಂಜೆ ಯಾರೂ ಹೆಚ್ಚು ಮಾತಾಡಲಿಲ್ಲ. ಮೂಟೆಗಳಿದ್ದ ಜಾಗದಲ್ಲಿ ನಮ್ಮ ತಾಯಂದಿರು ಕೂರುವವರಿದ್ದರು.

ಹಳೆಯ ಕಾರ್ಟಿಗೆ ಇದ್ದುದು ಇಬ್ಬರ ತೂಕಕ್ಕೆಂದು ಮಾಡಿದ, ಹಿಂದಿನ ಚಕ್ರಗಳ ಬ್ರೇಕ್ ಮಾತ್ರ. ಮೋಟಾರೇ ಬ್ರೇಕಾಗಿ ಬ್ಯಾಟರಿಗೆ ಶಕ್ತಿ ಹಿಂತಿರುಗಿಸುವ ವ್ಯವಸ್ಥೆಯುಂಟು, ಆದರೆ ಬ್ಯಾಟರಿ ತುಂಬಿರುವಾಗ ಅದು ಶಕ್ತಿಯನ್ನು ತೆಗೆದುಕೊಳ್ಳದು. ಅದನ್ನೇ ನಂಬಿ ದಿಬ್ಬ ಇಳಿಯಬಾರದು. ಮುಂದಿನ ಚಕ್ರಗಳಿಗೂ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಹಾಕಿಸಿದೆವು, ಬೇರೆ ಹ್ಯಾಂಡ್ ಬ್ರೇಕ್ ಇಟ್ಟೆವು. ಕಂಟ್ರೋಲರಿನಲ್ಲಿ ವೇಗವನ್ನು 15ರಿಂದ 8 ಮೈಲಿಗೆ ಇಳಿಸಿದೆವು. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ 22 ಕಿಲೋಜೌಲ್ ಇದ್ದದ್ದು 6.4ಕ್ಕೆ ಇಳಿಯಿತು. ಬೆಲ್ಟ್, ಪಕ್ಕದ ಕಂಬಿ ಆಮೇಲೆ ಬಂದವು. ಮತ್ತೆ ಮೂಟೆ ಹೇರಿ ಮೂರು ವಾರಾಂತ್ಯ ಇಳಿಸಿ ನೋಡಿದೆವು.

ಕಾನೂನಿನ ಮಾತು: ಅಮೆರಿಕದಲ್ಲಿ 1998ರ ಫೆಡರಲ್ ನಿಯಮದಂತೆ 20ರಿಂದ 25 ಮೈಲಿ ವೇಗದ ಗಾಡಿಗಳಿಗೆ ಬೇರೆ ವರ್ಗವಿದೆ, ದೀಪ, ಕನ್ನಡಿ, ಬೆಲ್ಟ್ ಕಡ್ಡಾಯ. ನಮ್ಮದು ರಸ್ತೆಗೆ ಇಳಿಯುವುದೇ ಇಲ್ಲ. ಪಾರ್ಕಿನವರ ಲಿಖಿತ ಒಪ್ಪಿಗೆ, ವಿಮೆ ಎರಡನ್ನೂ ಪಡೆದೇ ಓಡಿಸಿದ್ದು.

ಕಳೆದ ನಡಿಗೆಯಂದು ಕಾರಿನಲ್ಲಿ ಯಾರೂ ಉಳಿಯಲಿಲ್ಲ. ಊಟ ಮುಗಿದ ಮೇಲೆ ಮೂವರು ಅಜ್ಜಿಯರು ಕೆಲಸವಿಲ್ಲದಿದ್ದರೂ ಇನ್ನೊಂದು ಸುತ್ತು ಬೇಕೆಂದು ಹತ್ತಿ ಕೂತರು. ಬಿಸಿಲಿಗೆ ಮೇಲ್ಛಾವಣಿ ಹಾಕಿ ಎಂಬುದೊಂದೇ ಅವರ ತಕರಾರು. ಈ ಸಲ ಹಾಕುತ್ತಿದ್ದೇವೆ.