ಹಳೆ ಪೆಂಟಿಯಮ್‌ಗೆ ರ‍್ಯಾಮ್ ಹಾಕುವ ಮುನ್ನ ಚಿಪ್‌ಸೆಟ್ ನೋಡಿ

ಕಲಬುರಗಿಯ ನೆಹರು ಗಂಜಿನ ಅಡತಿ ಅಂಗಡಿಯಲ್ಲೋ, ಕಮಲಾಪುರದ ಡಿಟಿಪಿ ಕೇಂದ್ರದಲ್ಲೋ 1997–98ರ ಪೆಂಟಿಯಮ್ ಕಂಪ್ಯೂಟರ್ ಇನ್ನೂ ಉಳಿದಿದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಹಳೆ ಲೆಕ್ಕಪತ್ರ, ಹಳೆ ಫಾಂಟಿನ ಕನ್ನಡ ಕಡತಗಳು ಸಲೀಸಾಗಿ ತೆರೆಯುವುದು ಅದರಲ್ಲೇ. ಆದರೆ ವೇಗ ಹೆಚ್ಚಲಿ ಎಂದು 64 ಎಂಬಿ ರ‍್ಯಾಮನ್ನು 128ಕ್ಕೆ ಏರಿಸಿದರೆ ಕೆಲವು ಯಂತ್ರಗಳು ಮೊದಲಿಗಿಂತ ನಿಧಾನವಾಗುತ್ತವೆ. ರ‍್ಯಾಮ್ ಕೆಟ್ಟಿದೆ ಎಂದು ಅದನ್ನು ಮಾರಿದವರ ಮೇಲೆ ಸಿಟ್ಟಾಗುವ ಮುನ್ನ ಮದರ್‌ಬೋರ್ಡ್ ನೋಡಿ.

ಆ ಕಾಲದ ಬೋರ್ಡುಗಳಲ್ಲಿ ಪ್ರೊಸೆಸರ್ ಮತ್ತು ರ‍್ಯಾಮ್ ನಡುವೆ 256 ಅಥವಾ 512 ಕೆಬಿಯ ಕ್ಯಾಶೆ ಇರುತ್ತಿತ್ತು. ಕ್ಯಾಶೆಯಲ್ಲಿರುವ ಮಾಹಿತಿ ರ‍್ಯಾಮಿನ ಯಾವ ಭಾಗದ್ದು ಎಂಬ ಗುರುತನ್ನು ಟ್ಯಾಗ್ ರ‍್ಯಾಮ್ ಎಂಬ ಚಿಪ್ ಇಟ್ಟುಕೊಳ್ಳುತ್ತದೆ. ಟ್ಯಾಗ್ 8 ಬಿಟ್‌ನದಾದರೆ 256 ಗುರುತು ಸಾಧ್ಯ. 256 ಕೆಬಿ ಕ್ಯಾಶೆಯನ್ನು 256ರಿಂದ ಗುಣಿಸಿ, 64 ಎಂಬಿ ಬರುತ್ತದೆ. ಅದರಾಚೆಯ ರ‍್ಯಾಮಿಗೆ ಕ್ಯಾಶೆಯ ನೆರವೇ ಇಲ್ಲ. ವಿಂಡೋಸ್ 95 ಮತ್ತು 98 ಮೆಮೊರಿಯನ್ನು ಮೇಲಿನ ತುದಿಯಿಂದ ಬಳಸುತ್ತಾ ಬರುವುದರಿಂದ, ಸದಾ ಬೇಕಾಗುವ ಭಾಗವೇ ಆ ನಿಧಾನದ ಜಾಗಕ್ಕೆ ಹೋಗಿ ಕೂರುತ್ತದೆ.

ಮೊದಲು ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಕೊಳ್ಳಿ. ಪ್ಲಗ್ ಕಿತ್ತು ಕ್ಯಾಬಿನೆಟ್ ಬಿಚ್ಚಿ, ಲೋಹದ ಚೌಕಟ್ಟು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ನಮ್ಮ ಕಡೆಯ ಧೂಳು ಚಿಪ್ಪಿನ ಮೇಲಿನ ಅಕ್ಷರಗಳನ್ನೇ ಮುಚ್ಚಿರುತ್ತದೆ. ಒಣ ಬ್ರಷ್‌ನಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ಓದಿ. ಇಂಟೆಲ್ ಹೆಸರಿನ ದೊಡ್ಡ ಚೌಕ ಚಿಪ್ ಮೇಲೆ 82439ಟಿಎಕ್ಸ್ ಎಂದಿದ್ದರೆ ಅದು 430ಟಿಎಕ್ಸ್ ಚಿಪ್‌ಸೆಟ್. 256 ಎಂಬಿವರೆಗೆ ರ‍್ಯಾಮ್ ಹಾಕಬಹುದು, ಕ್ಯಾಶೆ ಸಿಗುವುದು ಮೊದಲ 64 ಎಂಬಿಗೆ ಮಾತ್ರ. ಅದರ ಹಿಂದಿನ ಎಫ್‌ಎಕ್ಸ್, ವಿಎಕ್ಸ್‌ಗಳ ಮಿತಿಯೂ 64. 1996ರ 430ಎಚ್‌ಎಕ್ಸ್ ಮಾತ್ರ ಟ್ಯಾಗ್ 11 ಬಿಟ್ ಇದ್ದರೆ 512 ಎಂಬಿಯನ್ನೂ ನಿಭಾಯಿಸುತ್ತದೆ. ನನ್ನ ಮಟ್ಟಿಗೆ ಆ ಸರಣಿಯಲ್ಲಿ ಉಳಿಸಿಕೊಳ್ಳಲೇಬೇಕಾದ ಬೋರ್ಡು ಇದು.

ಹೊಸ ರ‍್ಯಾಮ್ ಈಗಾಗಲೇ ಹಾಕಿದ್ದರೆ ಪರೀಕ್ಷೆ ಸುಲಭ. ವಿಂಡೋಸ್ 98ರಲ್ಲಿ ಸ್ಟಾರ್ಟ್, ರನ್‌ಗೆ ಹೋಗಿ ಎಂಎಸ್‌ಕಾನ್ಫಿಗ್ ಎಂದು ಟೈಪ್ ಮಾಡಿ. ಅಡ್ವಾನ್ಸ್‌ಡ್ ಗುಂಡಿ ಒತ್ತಿ, ಲಿಮಿಟ್ ಮೆಮೊರಿ ಎದುರು 64 ಹಾಕಿ, ಮರುಚಾಲನೆ ಮಾಡಿ. ಒಂದೇ ದೊಡ್ಡ ಕಡತವನ್ನು ಎರಡೂ ಸ್ಥಿತಿಯಲ್ಲಿ ತೆರೆದು ಗಡಿಯಾರ ನೋಡಿ. 64ರಲ್ಲೇ ಚುರುಕಾದರೆ ಹಾಗೆಯೇ ಬಿಡಿ. ಹಾರ್ಡ್‌ಡಿಸ್ಕ್‌ನ ಕೆಂಪು ದೀಪ ಬಿಡದೆ ಮಿನುಗುತ್ತಿದ್ದರೆ ಮಾತ್ರ ಮಿತಿ ತೆಗೆಯಿರಿ; ಕ್ಯಾಶೆ ಇಲ್ಲದ ರ‍್ಯಾಮ್ ಕೂಡ ಡಿಸ್ಕ್‌ಗಿಂತ ಎಷ್ಟೋ ಪಾಲು ವೇಗದ್ದು.

ಎಎಂಡಿ ಕೆ6-3 ಪ್ರೊಸೆಸರ್‌ಗೆ ಈ ತೊಡಕು ಅಷ್ಟಾಗಿ ತಟ್ಟದು, 256 ಕೆಬಿ ಕ್ಯಾಶೆ ಅದರೊಳಗೇ ಇದೆ. ಆದರೆ ಅದಕ್ಕೆ ಬೇಕಾದ ಕಡಿಮೆ ವೋಲ್ಟೇಜನ್ನು ನಿಮ್ಮ ಬೋರ್ಡು ಕೊಡುತ್ತದೆಯೇ ಎಂದು ಕೈಪಿಡಿಯಲ್ಲಿ ಖಚಿತಪಡಿಸಿಕೊಂಡೇ ಕೊಳ್ಳಿ.